ಎಲ್ಲರೂ 'ಅಡ್ಮಿನ್' ಆದರೆ ಹೊಣೆ ಯಾರದು? ನೆಟ್‌ವರ್ಕ್ ಉಪಕರಣಗಳ ಕೇಂದ್ರೀಕೃತ ಲಾಗಿನ್: ಒಂದು ಪರಿಚಯ ಪಾಠ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ



ಅಕೌಂಟೆನ್ಸಿ ಓದುವವರಿಗೆ ಸ್ವಿಚ್, ರೌಟರ್‌ಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ಪಾಠದಲ್ಲಿ ಬರುವ ಮೂರು ಮುಖ್ಯ ಪದಗಳಲ್ಲಿ ಒಂದು 'ಅಕೌಂಟಿಂಗ್'. ಆದ್ದರಿಂದ ಇದರಲ್ಲಿ ಮೂರನೇ ಒಂದು ಪಾಲು ನಮ್ಮದೇ ವಿಷಯ. ಉಳಿದ ಎರಡು ಪಾಲು ನನಗೆ ಗೊತ್ತಾಗಿದ್ದು ನಮ್ಮ ಮನೆಯಲ್ಲಿ ನಡೆದ ಒಂದು ಘಟನೆಯಿಂದ. ಮೊದಲು ಅದನ್ನೇ ಹೇಳುತ್ತೇನೆ.

ನನ್ನ ಖಾಲಾ ಮಗ, ನಾವೆಲ್ಲ ಭಾಯಿಜಾನ್ ಎಂದು ಕರೆಯುವವರು, ಡಿಪ್ಲೊಮಾ ಮುಗಿಸಿ ಒಂದು ಕಚೇರಿಯ ನೆಟ್‌ವರ್ಕ್ ವಿಭಾಗಕ್ಕೆ ಸೇರಿದ್ದರು. ಕಚೇರಿ ನಮ್ಮ ಊರಿಗೆ ಹತ್ತಿರವಾದ್ದರಿಂದ ನಮ್ಮ ಮನೆಯಲ್ಲೇ ಉಳಿದಿದ್ದರು. ಆ ವಿಭಾಗದಲ್ಲಿ ನಾಲ್ಕು ಜನ. ಎಲ್ಲಾ ಸ್ವಿಚ್‌ಗಳಿಗೂ ಒಂದೇ ಯೂಸರ್ ಹೆಸರು, 'ಅಡ್ಮಿನ್'. ಪಾಸ್‌ವರ್ಡ್ ಕೂಡ ಒಂದೇ. ಅದನ್ನು ಒಂದು ಚೀಟಿಯಲ್ಲಿ ಬರೆದು ಡ್ರಾಯರ್‌ನ ಒಳಬದಿಗೆ ಅಂಟಿಸಿದ್ದರಂತೆ.

ಒಂದು ಸಂಜೆ ಯಾರೋ ಒಂದು ಮುಖ್ಯ ಸ್ವಿಚ್‌ನ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಅದನ್ನು ರೀಸ್ಟಾರ್ಟ್ ಮಾಡಿಬಿಟ್ಟರು. ಮರುದಿನ ಬೆಳಿಗ್ಗೆ ಎರಡು ಮಹಡಿಗಳಿಗೆ ನೆಟ್‌ವರ್ಕ್ ಇಲ್ಲ. ಅದು ಸಂಬಳದ ದಿನ, ಕೆಲಸವೆಲ್ಲ ನಿಂತಿತು. ಲಾಗ್ ತೆಗೆದು ನೋಡಿದರೆ ಅಲ್ಲಿದ್ದದ್ದು ಒಂದೇ ಸಾಲು: ಸಮಯ 7.42, ಯೂಸರ್ 'ಅಡ್ಮಿನ್', ಬಂದದ್ದು ನೆಟ್‌ವರ್ಕ್ ಕೋಣೆಯ ಕಂಪ್ಯೂಟರ್‌ನಿಂದ. ನಾಲ್ವರೂ ಅಡ್ಮಿನ್, ನಾಲ್ವರೂ ಕೂರುತ್ತಿದ್ದದ್ದು ಅದೇ ಕಂಪ್ಯೂಟರ್ ಮುಂದೆ. ಹಾಗಾದರೆ ಮಾಡಿದ್ದು ಯಾರು? ಭಾಯಿಜಾನ್ ಎಲ್ಲರಿಗಿಂತ ಹೊಸಬರು, ಇನ್ನೂ ಪ್ರೊಬೇಷನ್‌ನಲ್ಲಿದ್ದರು. ಅಂದು ಹಾಜರಿ ಪುಸ್ತಕದಲ್ಲಿ ಕೊನೆಗೆ ಸಹಿ ಹಾಕಿ ಹೊರಟವರೂ ಅವರೇ.

ಎರಡು ದಿನ ಬಿಟ್ಟು ಒಂದು ಪತ್ರ ತಂದರು. ಟೇಬಲ್ ಮೇಲಿಟ್ಟು, ಮಾತಾಡದೆ ಒಳಗೆ ಹೋದರು. ಪತ್ರ ಕನ್ನಡದಲ್ಲಿತ್ತು. ನಾನಿ "ಏನಂತೆ, ಓದು" ಅಂದರು. ನಾನು ಓದಿದೆ. 'ಅಮಾನತು' ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಾನಿಯ ಮುಖ ಅರಳಿತು. ಉರ್ದುವಿನಲ್ಲಿ ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು. ಇಷ್ಟು ಬೇಗ ಹುಡುಗನ ಕೈಗೆ ಏನೋ ದೊಡ್ಡ ಜವಾಬ್ದಾರಿ ಒಪ್ಪಿಸಿದ್ದಾರೆ ಎಂದುಕೊಂಡರು. ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥ ಇದೆ ಎಂದು ಅವರಿಗೆ ಹೇಗೆ ಹೇಳಬೇಕೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ಅಮ್ಮಿ ಹೇಳಿದರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತಾಳೆಪಟ್ಟಿ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ, ಆ ಕಚೇರಿ ಮಾಡಿದ್ದೂ ಅದನ್ನೇ. ವ್ಯತ್ಯಾಸವನ್ನು ಭಾಯಿಜಾನ್ ಹೆಸರಿಗೆ ಹಾಕಿತು. ಆದರೆ ನಾವು ತಪ್ಪು ಎಲ್ಲಿದೆ ಎಂದು ಹುಡುಕಿ ಆ ಖಾತೆಯನ್ನು ಮುಚ್ಚುತ್ತೇವೆ. ಅವರು ಹುಡುಕಲಿಲ್ಲ. ಹುಡುಕಲು ಅವರ ಬಳಿ ವೋಚರೇ ಇರಲಿಲ್ಲ.

ತೊಂದರೆ ಎಲ್ಲಿದೆ?

ನೆಟ್‌ವರ್ಕ್ ಉಪಕರಣಗಳು ಎಂದರೆ ಸ್ವಿಚ್, ರೌಟರ್, ಫೈರ್‌ವಾಲ್, ವೈಫೈ ಆಕ್ಸೆಸ್ ಪಾಯಿಂಟ್ ಮುಂತಾದವು. ಇವೂ ಒಂದು ರೀತಿಯ ಕಂಪ್ಯೂಟರ್‌ಗಳೇ. ಇವುಗಳ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸಲು ಲಾಗಿನ್ ಬೇಕು. ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಅನ್ನು ಆಯಾ ಉಪಕರಣದಲ್ಲೇ ಇಡುವುದು ಹಳೆಯ ಕ್ರಮ. ಇದನ್ನು ಲೋಕಲ್ ಖಾತೆ ಎನ್ನುತ್ತಾರೆ.

ಸಣ್ಣ ಲೆಕ್ಕ ಮಾಡೋಣ. ಒಂದು ಸಂಸ್ಥೆಯಲ್ಲಿ 40 ಉಪಕರಣಗಳಿವೆ, ಅವನ್ನು ನೋಡಿಕೊಳ್ಳಲು 6 ಜನ ಇದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಪ್ರತಿ ಉಪಕರಣದಲ್ಲಿ ಸ್ವಂತ ಖಾತೆ ಕೊಡಬೇಕಾದರೆ 40 × 6 = 240 ಖಾತೆಗಳು ಬೇಕು. ಒಬ್ಬರು ಕೆಲಸ ಬಿಟ್ಟರೆ 40 ಕಡೆ ಹೋಗಿ ಅವರ ಖಾತೆ ಅಳಿಸಬೇಕು. 39 ಕಡೆ ಅಳಿಸಿ ಒಂದು ಕಡೆ ಮರೆತರೆ, ಬಿಟ್ಟುಹೋದವರಿಗೆ ಒಂದು ಬಾಗಿಲು ತೆರೆದೇ ಇರುತ್ತದೆ. ಪಾಸ್‌ವರ್ಡ್ ಬದಲಾಯಿಸುವುದಾದರೂ ಇದೇ ಪಾಡು.

ಈ ಶ್ರಮ ಬೇಡವೆಂದು ಜನ ಸುಲಭದ ದಾರಿ ಹಿಡಿಯುತ್ತಾರೆ: ಎಲ್ಲರಿಗೂ ಒಂದೇ 'ಅಡ್ಮಿನ್', ಒಂದೇ ಪಾಸ್‌ವರ್ಡ್. ಕೆಲಸ ಸಲೀಸಾಗುತ್ತದೆ, ಆದರೆ ಮೂರು ವಿಷಯಗಳು ಕೈತಪ್ಪುತ್ತವೆ. ಬಂದವರು ಯಾರು ಎಂದು ತಿಳಿಯುವುದಿಲ್ಲ. ಯಾರಿಗೆ ಎಷ್ಟು ಅಧಿಕಾರ ಎಂಬ ಮಿತಿ ಇರುವುದಿಲ್ಲ. ಮಾಡಿದ ಕೆಲಸದ ಮೇಲೆ ಮಾಡಿದವರ ಹೆಸರು ಇರುವುದಿಲ್ಲ.

ಮೂರು ಪ್ರಶ್ನೆಗಳು

ಇದಕ್ಕೆ ಪರಿಹಾರವಾಗಿ ಬಂದ ವ್ಯವಸ್ಥೆಗೆ ಟ್ರಿಪಲ್ ಎ ಎಂದು ಹೆಸರು. ಇಂಗ್ಲಿಷ್‌ನ 'ಎ' ಅಕ್ಷರದಿಂದ ಶುರುವಾಗುವ ಮೂರು ಪದಗಳು ಅದರಲ್ಲಿವೆ.

ಒಂದು, ಅಥೆಂಟಿಕೇಶನ್. ನೀನು ಯಾರು? ನೀನೇ ಅವನು ಎಂಬುದಕ್ಕೆ ಆಧಾರವೇನು?

ಎರಡು, ಆಥರೈಸೇಶನ್. ನೀನು ಯಾರೆಂದು ತಿಳಿಯಿತು, ನಿನಗೆ ಏನೇನು ಮಾಡಲು ಪರವಾನಗಿ ಇದೆ?

ಮೂರು, ಅಕೌಂಟಿಂಗ್. ನೀನು ಯಾವಾಗ ಬಂದೆ, ಏನು ಮಾಡಿದೆ, ಯಾವಾಗ ಹೋದೆ?

ನಮ್ಮ ಪರೀಕ್ಷಾ ಹಾಲ್ ನೆನಪಿಸಿಕೊಳ್ಳಿ. ಪ್ರವೇಶಪತ್ರದ ಫೋಟೋ ಮತ್ತು ನಿಮ್ಮ ಮುಖ ಹೋಲಿಸಿ ನೋಡುವುದು ಅಥೆಂಟಿಕೇಶನ್. ಅದೇ ಪ್ರವೇಶಪತ್ರದಲ್ಲಿ ನೀವು ಬರೆಯಬಹುದಾದ ವಿಷಯಗಳ ಪಟ್ಟಿ ಇರುತ್ತದೆ. ವಾಣಿಜ್ಯ ವಿದ್ಯಾರ್ಥಿ ಜೀವಶಾಸ್ತ್ರದ ಪತ್ರಿಕೆ ಬರೆಯುತ್ತೇನೆಂದರೆ ಬಿಡುವುದಿಲ್ಲ. ಇದು ಆಥರೈಸೇಶನ್. ಉತ್ತರ ಪತ್ರಿಕೆಯ ಸಂಖ್ಯೆಯನ್ನು ಹಾಜರಿ ಹಾಳೆಯಲ್ಲಿ ಬರೆದು ಸಹಿ ಹಾಕುವುದು ಅಕೌಂಟಿಂಗ್.

ಇಲ್ಲಿ ಇನ್ನೊಂದು ಅಂಶ ಗಮನಿಸಿ. ನೀವು ಯಾವ ಪತ್ರಿಕೆ ಬರೆಯಬಹುದು ಎಂದು ತೀರ್ಮಾನಿಸುವವರು ಕೋಣೆಯ ಮೇಲ್ವಿಚಾರಕರಲ್ಲ. ಪರೀಕ್ಷಾ ಮಂಡಳಿ ಒಂದೇ ಕಡೆ ತೀರ್ಮಾನಿಸಿ ಪಟ್ಟಿ ಕಳಿಸುತ್ತದೆ. ಮೇಲ್ವಿಚಾರಕರು ಆ ಪಟ್ಟಿ ನೋಡಿ ಬಾಗಿಲಲ್ಲಿ ಜಾರಿಗೆ ತರುತ್ತಾರೆ. ಕೇಂದ್ರೀಕೃತ ವ್ಯವಸ್ಥೆಯ ತಿರುಳು ಇಷ್ಟೇ: ತೀರ್ಮಾನ ಒಂದು ಕಡೆ, ಜಾರಿ ಹಲವು ಕಡೆ. ಸ್ವಿಚ್ ಮತ್ತು ರೌಟರ್‌ಗಳು ಮೇಲ್ವಿಚಾರಕರಿದ್ದಂತೆ, ಮಂಡಳಿಯ ಸ್ಥಾನದಲ್ಲಿ ಒಂದು ಸರ್ವರ್ ಇರುತ್ತದೆ. ಮೇಲಿನ ಲೆಕ್ಕದಲ್ಲಿ 240 ಖಾತೆಗಳ ಬದಲು ಸರ್ವರ್‌ನಲ್ಲಿ 6 ಖಾತೆ ಸಾಕು. ಒಬ್ಬರು ಬಿಟ್ಟುಹೋದರೆ ಒಂದೇ ಕಡೆ ಅಳಿಸಿದರೆ 40 ಬಾಗಿಲೂ ಮುಚ್ಚುತ್ತವೆ.

ಸ್ವಲ್ಪ ಇತಿಹಾಸ

ಇದು ಇತ್ತೀಚಿನ ಯೋಚನೆಯೇನೂ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಗೆ ಮಿಲ್‌ನೆಟ್ ಎಂಬ ಜಾಲ ಇತ್ತು. ದೂರದ ಟರ್ಮಿನಲ್‌ಗಳಿಂದ ಆ ಜಾಲಕ್ಕೆ ಬರುವವರನ್ನು ಗುರುತಿಸಲು ಬಿಬಿಎನ್ ಎಂಬ ಸಂಸ್ಥೆ 1984ರ ಸುಮಾರಿಗೆ ಟ್ಯಾಕಾಕ್ಸ್ ಎಂಬ ವಿಧಾನ ರೂಪಿಸಿತು. ಪೂರ್ತಿ ಹೆಸರು ಟರ್ಮಿನಲ್ ಆಕ್ಸೆಸ್ ಕಂಟ್ರೋಲರ್ ಆಕ್ಸೆಸ್ ಕಂಟ್ರೋಲ್ ಸಿಸ್ಟಮ್. ಮುಂದೆ ಸಿಸ್ಕೊ ಕಂಪನಿ ಇದನ್ನು ಬಹುಮಟ್ಟಿಗೆ ಹೊಸದಾಗಿ ಬರೆದು ಟ್ಯಾಕಾಕ್ಸ್ ಪ್ಲಸ್ ಎಂದು ಹೆಸರಿಟ್ಟಿತು. ಹೆಸರು ಒಂದೇ ತರಹ ಇದ್ದರೂ ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆ ಇಲ್ಲ. ಎಷ್ಟೋ ವರ್ಷ ಬಳಕೆಯಲ್ಲಿದ್ದ ಟ್ಯಾಕಾಕ್ಸ್ ಪ್ಲಸ್‌ನ ವಿವರಣೆ 2020ರಲ್ಲಿ ಆರ್‌ಎಫ್‌ಸಿ 8907 ಎಂಬ ದಾಖಲೆಯಾಗಿ ಪ್ರಕಟವಾಯಿತು. ಇಂಟರ್‌ನೆಟ್ ನಡೆಯುವ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ.

ಇನ್ನೊಂದು ವಿಧಾನ ರೇಡಿಯಸ್. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೆರಿಟ್ ಎಂಬ ಲಾಭರಹಿತ ಜಾಲಸಂಸ್ಥೆ ಇದೆ. ಆಗ ಜನ ಟೆಲಿಫೋನ್ ಮೋಡೆಮ್‌ನಿಂದ ಡಯಲ್ ಮಾಡಿ ಜಾಲಕ್ಕೆ ಬರುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿದ್ದ ಉಪಕರಣಗಳಿಗೆ ಬರುವ ಇಷ್ಟೆಲ್ಲ ಜನರನ್ನು ಒಂದೇ ಕಡೆಯಿಂದ ನಿರ್ವಹಿಸುವ ದಾರಿ ಬೇಕೆಂದು 1991ರಲ್ಲಿ ಮೆರಿಟ್ ಕೇಳಿತು. ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಕೊಟ್ಟ ಉತ್ತರವೇ ರೇಡಿಯಸ್, ಅಂದರೆ ರಿಮೋಟ್ ಅಥೆಂಟಿಕೇಶನ್ ಡಯಲ್ ಇನ್ ಯೂಸರ್ ಸರ್ವಿಸ್. ಅದು 1997ರಲ್ಲಿ ಆರ್‌ಎಫ್‌ಸಿ ಆಯಿತು. ಇಂದಿಗೂ ಮೂಲವೆಂದು ನೋಡುವ ಆರ್‌ಎಫ್‌ಸಿ 2865 ಬಂದದ್ದು 2000ದ ಜೂನ್‌ನಲ್ಲಿ. ಡಯಲ್ ಮಾಡುವ ಕಾಲ ಮುಗಿದರೂ ಹೆಸರಿನಲ್ಲಿ 'ಡಯಲ್ ಇನ್' ಉಳಿದುಕೊಂಡಿದೆ.

ರೇಡಿಯಸ್ ಎಂದರೆ ವೃತ್ತದ ತ್ರಿಜ್ಯ ಕೂಡ. ಇದಕ್ಕಿಂತ ದೊಡ್ಡದನ್ನು ಮಾಡಿದವರು ಅದಕ್ಕೆ ಡಯಾಮೀಟರ್, ಅಂದರೆ ವ್ಯಾಸ, ಎಂದು ಹೆಸರಿಟ್ಟರು. ವ್ಯಾಸ ತ್ರಿಜ್ಯದ ಎರಡರಷ್ಟು. ಈ ಡಯಾಮೀಟರ್ ಇಂದು ಮುಖ್ಯವಾಗಿ ಮೊಬೈಲ್ ಫೋನ್ ಜಾಲಗಳಲ್ಲಿ ಕೆಲಸ ಮಾಡುತ್ತದೆ.

ರೇಡಿಯಸ್ ಹೇಗೆ ಕೆಲಸ ಮಾಡುತ್ತದೆ?

ಭಾಯಿಜಾನ್ ನನ್ನ ಅಕೌಂಟೆನ್ಸಿ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಮೂರು ಚೌಕ ಬರೆದು ಇದನ್ನು ವಿವರಿಸಿದರು: ಬಳಕೆದಾರ, ಉಪಕರಣ, ಸರ್ವರ್. ಹಂತಗಳು ಹೀಗಿವೆ.

ಹಂತ 1: ಬಳಕೆದಾರರು ಉಪಕರಣಕ್ಕೆ ಹೆಸರು, ಪಾಸ್‌ವರ್ಡ್ ಕೊಡುತ್ತಾರೆ. ಉಪಕರಣ ತಾನೇ ತೀರ್ಮಾನ ಮಾಡುವುದಿಲ್ಲ.

ಹಂತ 2: ಉಪಕರಣವು ಸರ್ವರ್‌ಗೆ 'ಆಕ್ಸೆಸ್ ರಿಕ್ವೆಸ್ಟ್' ಎಂಬ ಸಂದೇಶ ಕಳಿಸುತ್ತದೆ. ಅದರಲ್ಲಿ ಬಳಕೆದಾರರ ಹೆಸರು, ಮರೆಮಾಡಿದ ಪಾಸ್‌ವರ್ಡ್ ಮತ್ತು ಕೇಳುತ್ತಿರುವ ಉಪಕರಣ ಯಾವುದು ಎಂಬ ಗುರುತು ಇರುತ್ತದೆ.

ಹಂತ 3: ಸರ್ವರ್ ತನ್ನ ಪಟ್ಟಿ ನೋಡಿ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ. 'ಆಕ್ಸೆಸ್ ಆಕ್ಸೆಪ್ಟ್' ಅಂದರೆ ಬಿಡು. 'ಆಕ್ಸೆಸ್ ರಿಜೆಕ್ಟ್' ಅಂದರೆ ಬಿಡಬೇಡ. 'ಆಕ್ಸೆಸ್ ಚಾಲೆಂಜ್' ಅಂದರೆ ಇಷ್ಟು ಸಾಲದು, ಇನ್ನೊಂದು ಪ್ರಶ್ನೆ ಕೇಳು. ಉದಾಹರಣೆಗೆ ಒಟಿಪಿ ಕೇಳಬಹುದು.

ಹಂತ 4: ಒಪ್ಪಿಗೆಯ ಸಂದೇಶದಲ್ಲೇ ಇವರಿಗೆ ಯಾವ ಬಗೆಯ ಸೇವೆ ಎಂಬುದೂ ಬರುತ್ತದೆ. ಸಾಮಾನ್ಯ ಬಳಕೆದಾರರೋ, ಆಡಳಿತ ಮಾಡುವವರೋ ಎಂದು ಉಪಕರಣಕ್ಕೆ ಅದರಿಂದ ತಿಳಿಯುತ್ತದೆ.

ಹಂತ 5: ಕೆಲಸ ಶುರುವಾದಾಗ 'ಸ್ಟಾರ್ಟ್', ಮುಗಿದಾಗ 'ಸ್ಟಾಪ್' ಎಂಬ ಅಕೌಂಟಿಂಗ್ ಸಂದೇಶಗಳು ಸರ್ವರ್‌ಗೆ ಹೋಗಿ ದಾಖಲಾಗುತ್ತವೆ.

ಉಪಕರಣಕ್ಕೂ ಸರ್ವರ್‌ಗೂ ನಡುವೆ ಒಂದು ಗುಟ್ಟಿನ ಪದ ಇರುತ್ತದೆ, ಅದನ್ನು ಶೇರ್ಡ್ ಸೀಕ್ರೆಟ್ ಎನ್ನುತ್ತಾರೆ. ಅದು ಜಾಲದ ಮೇಲೆ ಎಂದೂ ಹಾಗೆಯೇ ಹೋಗುವುದಿಲ್ಲ. ಪಾಸ್‌ವರ್ಡ್ ಮರೆಮಾಡಲು ಮತ್ತು ಉತ್ತರ ನಿಜವಾದ ಸರ್ವರ್‌ನಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ಎರಡೂ ಕಡೆ ಅದು ಬಳಕೆಯಾಗುತ್ತದೆ. ನಾನು ಮೊದಲು ತಪ್ಪು ತಿಳಿದಿದ್ದ ಒಂದು ವಿಷಯ: ರೇಡಿಯಸ್ ಲೆಕ್ಕದಲ್ಲಿ 'ಕ್ಲೈಂಟ್' ಎಂದರೆ ಬಳಕೆದಾರರ ಲ್ಯಾಪ್‌ಟಾಪ್ ಅಲ್ಲ, ಸ್ವಿಚ್ ಅಥವಾ ಆಕ್ಸೆಸ್ ಪಾಯಿಂಟ್. ಕೇಳುವುದು ಅದೇ, ಆದ್ದರಿಂದ ಅದೇ ಕ್ಲೈಂಟ್.

ರೇಡಿಯಸ್ ಮೂಲತಃ ಯುಡಿಪಿ ಎಂಬ ಸಾಗಣೆ ವಿಧಾನ ಬಳಸುತ್ತದೆ. ಲಾಗಿನ್‌ಗೆ ಪೋರ್ಟ್ 1812, ಅಕೌಂಟಿಂಗ್‌ಗೆ 1813. ಹಳೆಯ ಉಪಕರಣಗಳಲ್ಲಿ 1645 ಮತ್ತು 1646 ಕಾಣಬಹುದು. ಸರ್ವರ್ ಒಂದು ಪೋರ್ಟ್‌ನಲ್ಲಿ, ಉಪಕರಣ ಇನ್ನೊಂದರಲ್ಲಿ ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಉತ್ತರ ಬರುವುದಿಲ್ಲ.

ಟ್ಯಾಕಾಕ್ಸ್ ಪ್ಲಸ್ ಎಲ್ಲಿ ಭಿನ್ನ?

ಟ್ಯಾಕಾಕ್ಸ್ ಪ್ಲಸ್ ಟಿಸಿಪಿ ಬಳಸುತ್ತದೆ, ಪೋರ್ಟ್ 49. ರೇಡಿಯಸ್‌ನಲ್ಲಿ ಗುರುತು ಮತ್ತು ಪರವಾನಗಿ ಒಂದೇ ಉತ್ತರದಲ್ಲಿ ಬರುತ್ತವೆ. ಟ್ಯಾಕಾಕ್ಸ್ ಪ್ಲಸ್‌ನಲ್ಲಿ ಮೂರು ಕೆಲಸಗಳೂ ಬೇರೆ ಬೇರೆ. ರೇಡಿಯಸ್ ಪಾಸ್‌ವರ್ಡ್ ಭಾಗವನ್ನು ಮಾತ್ರ ಮರೆಮಾಡುತ್ತದೆ. ಟ್ಯಾಕಾಕ್ಸ್ ಪ್ಲಸ್ ತಲೆಬರಹ ಬಿಟ್ಟು ಇಡೀ ಸಂದೇಶವನ್ನು ಮರೆಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯ ಭೇದವೆಂದರೆ, ಟ್ಯಾಕಾಕ್ಸ್ ಪ್ಲಸ್ ಒಂದೊಂದು ಕಮಾಂಡ್‌ಗೂ ಸರ್ವರ್‌ನ ಅನುಮತಿ ಕೇಳುವಂತೆ ಮಾಡಬಹುದು. ಲಾಗಿನ್ ಆದ ಮೇಲೂ, ಒಬ್ಬರು ಸೆಟ್ಟಿಂಗ್ ಅಳಿಸುವ ಕಮಾಂಡ್ ಕೊಟ್ಟರೆ ಸ್ವಿಚ್ ಸುಮ್ಮನೆ ಅಳಿಸುವುದಿಲ್ಲ. "ಇವರು ಈ ಕಮಾಂಡ್ ಕೊಡಬಹುದೇ?" ಎಂದು ಸರ್ವರ್‌ಗೆ ಕೇಳುತ್ತದೆ. ಸರ್ವರ್ ಇಲ್ಲ ಅಂದರೆ ಅಲ್ಲಿಗೇ ನಿಲ್ಲುತ್ತದೆ. ಕೊಟ್ಟ ಪ್ರತಿ ಕಮಾಂಡ್ ಅನ್ನು ಹೆಸರು ಮತ್ತು ಸಮಯದ ಸಮೇತ ದಾಖಲಿಸಲೂಬಹುದು.

ಆದ್ದರಿಂದ ಸಾಮಾನ್ಯವಾಗಿ ವೈಫೈ, ವಿಪಿಎನ್ ಮುಂತಾದ ಕಡೆ ಜಾಲದೊಳಗೆ ಬರುವ ಸಾವಿರಾರು ಬಳಕೆದಾರರಿಗೆ ರೇಡಿಯಸ್, ಉಪಕರಣಗಳನ್ನೇ ನಿರ್ವಹಿಸುವ ಕೆಲವೇ ಸಿಬ್ಬಂದಿಗೆ ಟ್ಯಾಕಾಕ್ಸ್ ಪ್ಲಸ್ ಎಂದು ಹಂಚಿಕೊಳ್ಳುತ್ತಾರೆ.

ಬಿಸಿನೆಸ್ ಸ್ಟಡೀಸ್‌ನಲ್ಲಿ ಅಧಿಕಾರ ನಿಯೋಜನೆಯ ಪಾಠ ಓದಿದ್ದೇವಲ್ಲ? ಅದರ ಮೂರು ಅಂಶಗಳು ಅಧಿಕಾರ, ಜವಾಬ್ದಾರಿ, ಉತ್ತರದಾಯಿತ್ವ. ಅಧಿಕಾರ ಕೊಡದೆ ಜವಾಬ್ದಾರಿ ಹೊರಿಸಬಾರದು ಎಂದು ಅಲ್ಲಿ ಕಲಿತೆವು. ಇಲ್ಲಿಯೂ ಹಾಗೆಯೇ. ಹೊಸಬರಿಗೆ ನೋಡುವ ಕಮಾಂಡ್‌ಗಳನ್ನು ಮಾತ್ರ ಕೊಡಬಹುದು. ಸ್ವಲ್ಪ ಅನುಭವಿಗಳಿಗೆ ಒಂದು ಪೋರ್ಟ್ ತೆರೆಯುವ, ಮುಚ್ಚುವ ಅನುಮತಿ ಕೊಡಬಹುದು. ಅಳಿಸುವ, ರೀಸ್ಟಾರ್ಟ್ ಮಾಡುವ ಅಧಿಕಾರ ಒಬ್ಬಿಬ್ಬರಿಗೆ ಸಾಕು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಹೆಚ್ಚಿಲ್ಲ. ಹೊಸಬರ ಕೈಗೆ ಮೊದಲ ದಿನವೇ ಪೂರ್ತಿ ಅಧಿಕಾರದ ಚೀಟಿ ಕೊಡುವುದು ಅವರ ಮೇಲಿನ ನಂಬಿಕೆ ಎಂದು ನಾನು ಭಾವಿಸಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಸರ್ವರ್ ಕೆಟ್ಟರೆ?

ಎಲ್ಲ ಬೀಗಗಳ ಕೀಲಿ ಒಂದೇ ಕಡೆ ಇಟ್ಟರೆ, ಆ ಒಂದು ಕಡೆಗೆ ದಾರಿ ಮುಚ್ಚಿದಾಗ ಏನು ಗತಿ? ಈ ಪ್ರಶ್ನೆ ನಿಮಗೂ ಬಂದಿರಬಹುದು. ಎರಡು ವ್ಯವಸ್ಥೆ ಮಾಡುತ್ತಾರೆ.

ಮೊದಲನೆಯದು, ಕನಿಷ್ಠ ಎರಡು ಸರ್ವರ್ ಇಡುವುದು. ಒಂದು ಉತ್ತರ ಕೊಡದಿದ್ದರೆ ಉಪಕರಣ ಇನ್ನೊಂದನ್ನು ಕೇಳುತ್ತದೆ.

ಎರಡನೆಯದು, ಪ್ರತಿ ಉಪಕರಣದಲ್ಲಿ ತುರ್ತು ಸಮಯಕ್ಕೆಂದು ಒಂದು ಲೋಕಲ್ ಖಾತೆ ಉಳಿಸಿಕೊಳ್ಳುವುದು. ಅದರ ಪಾಸ್‌ವರ್ಡ್ ಅನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ತೆರೆದರೆ ಯಾರು, ಏಕೆ ತೆರೆದರೆಂದು ಬರೆದು, ಆಮೇಲೆ ಪಾಸ್‌ವರ್ಡ್ ಬದಲಾಯಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಸ್ಕೊ ಉಪಕರಣಗಳಲ್ಲಿ 'ಮೊದಲು ಸರ್ವರ್, ಆಮೇಲೆ ಲೋಕಲ್' ಎಂದು ಕ್ರಮ ಕೊಟ್ಟರೆ, ಸರ್ವರ್ ಉತ್ತರವನ್ನೇ ಕೊಡದಿದ್ದಾಗ ಮಾತ್ರ ಲೋಕಲ್ ಖಾತೆಯ ಸರದಿ ಬರುತ್ತದೆ. ಸರ್ವರ್ 'ಬಿಡಬೇಡ' ಎಂದಿದ್ದರೆ ಅದೂ ಒಂದು ಉತ್ತರವೇ, ವಿಷಯ ಅಲ್ಲಿಗೆ ಮುಗಿಯಿತು. ಬ್ಯಾಂಕ್ ಮುಚ್ಚಿರುವುದು ಬೇರೆ, ಬ್ಯಾಂಕ್ ಚೆಕ್ ವಾಪಸ್ ಮಾಡುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡರೆ, ಕೆಲಸದಿಂದ ತೆಗೆದವರೂ ತುರ್ತು ಬಾಗಿಲಿನಿಂದ ಬರಬಹುದಾಗಿತ್ತು.

ದೋಷಗಳಿಲ್ಲವೇ?

ಇವೆ. ರೇಡಿಯಸ್ ಹುಟ್ಟಿದ ಕಾಲದಲ್ಲಿ ಎಂಡಿ5 ಎಂಬ ಗಣಿತ ವಿಧಾನ ಗಟ್ಟಿಯಾದದ್ದೆಂದು ನಂಬಿದ್ದರು. 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಷಿಯಾವೊಯುನ್ ಮತ್ತು ಸಂಗಡಿಗರು ಅದರಲ್ಲಿ ಬಿರುಕು ತೋರಿಸಿದರು. ಎರಡು ಬೇರೆ ಬೇರೆ ಸಂದೇಶಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಬಹುದು ಎಂದು ಗೊತ್ತಾಯಿತು. ಆದರೂ ರೇಡಿಯಸ್‌ನಲ್ಲಿ ಎಂಡಿ5 ಮುಂದುವರಿಯಿತು. 2024ರ ಜುಲೈನಲ್ಲಿ ಸಂಶೋಧಕರು 'ಬ್ಲಾಸ್ಟ್ ರೇಡಿಯಸ್' ಎಂಬ ದಾಳಿಯನ್ನು ಪ್ರಕಟಿಸಿದರು. ಉಪಕರಣ ಮತ್ತು ಸರ್ವರ್ ನಡುವೆ ನುಸುಳಿದವರು, ಪಾಸ್‌ವರ್ಡ್ ಆಗಲೀ ಗುಟ್ಟಿನ ಪದವಾಗಲೀ ತಿಳಿಯದೆಯೇ, 'ಬಿಡಬೇಡ' ಎಂಬ ಉತ್ತರವನ್ನು 'ಬಿಡು' ಎಂದು ತಿದ್ದಬಹುದಿತ್ತು. ಚೆಕ್ಕಿನ ಮೇಲಿನ ಸಹಿ ಹಾಗೆಯೇ ಇದ್ದು ಮೊತ್ತ ಮಾತ್ರ ಬದಲಾದಂತೆ.

ಇದಕ್ಕೆ ಪರಿಹಾರವಾಗಿ ಪ್ರತಿ ಸಂದೇಶದಲ್ಲೂ 'ಮೆಸೇಜ್ ಅಥೆಂಟಿಕೇಟರ್' ಎಂಬ ಹೆಚ್ಚುವರಿ ಮುದ್ರೆ ಕಡ್ಡಾಯ ಮಾಡುವಂತೆ ತಯಾರಕರು ತಂತ್ರಾಂಶ ತಿದ್ದಿದರು. ಇನ್ನೂ ಒಳ್ಳೆಯ ದಾರಿ ಎಂದರೆ ರೇಡಿಯಸ್ ಸಂದೇಶಗಳನ್ನು ಟಿಎಲ್‌ಎಸ್ ಎಂಬ ಗೂಢಲಿಪಿ ಕೊಳವೆಯೊಳಗೆ ಕಳಿಸುವುದು. ನಾವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಕೆಲಸ ಮಾಡುವುದೂ ಟಿಎಲ್‌ಎಸ್ಸೇ. ಟ್ಯಾಕಾಕ್ಸ್ ಪ್ಲಸ್‌ನ ಹಳೆಯ ಮರೆಮಾಚುವಿಕೆಯೂ ಇಂದಿನ ಮಟ್ಟಕ್ಕೆ ಸಾಲದು, ಸುರಕ್ಷಿತವಾದ ಪ್ರತ್ಯೇಕ ಜಾಲದೊಳಗೆ ಮಾತ್ರ ಬಳಸಿ ಎಂದು ಆರ್‌ಎಫ್‌ಸಿ 8907 ತಾನೇ ಎಚ್ಚರಿಸುತ್ತದೆ.

ವಿದ್ಯಾರ್ಥಿಗಳಿಗೆ ಹತ್ತಿರದ ಉದಾಹರಣೆ

ಎಡುರೋಮ್ ಎಂಬ ವೈಫೈ ಸೇವೆಯ ಹೆಸರನ್ನು ಮುಂದೆ ವಿಶ್ವವಿದ್ಯಾಲಯಕ್ಕೆ ಹೋದಾಗ ನೀವು ಕೇಳಬಹುದು. 2000ದ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಶುರುವಾದ ಇದು ಈಗ ಅನೇಕ ದೇಶಗಳಲ್ಲಿದೆ. ಭಾರತದಲ್ಲಿ ಇದನ್ನು ಅರ್ನೆಟ್ ಇಂಡಿಯಾ ನಡೆಸುತ್ತದೆ. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದು ಊರಿನ, ಇನ್ನೊಂದು ದೇಶದ ಕ್ಯಾಂಪಸ್‌ಗೆ ಹೋದರೂ ತನ್ನದೇ ಹೆಸರು ಮತ್ತು ಪಾಸ್‌ವರ್ಡ್‌ನಿಂದ ಅಲ್ಲಿನ ವೈಫೈ ಬಳಸಬಹುದು.

ಇದು ನಡೆಯುವುದು ರೇಡಿಯಸ್ ಸರ್ವರ್‌ಗಳ ಸರಪಳಿಯಿಂದ. ಹೆಸರಿನ ಕೊನೆಯ ಭಾಗದಲ್ಲಿರುವ ಸಂಸ್ಥೆಯ ಗುರುತು ನೋಡಿ, ಅತಿಥಿ ಕ್ಯಾಂಪಸ್‌ನ ಸರ್ವರ್ ಪ್ರಶ್ನೆಯನ್ನು ವಿದ್ಯಾರ್ಥಿಯ ಸ್ವಂತ ಸಂಸ್ಥೆಗೆ ತಲುಪಿಸುತ್ತದೆ. ಉತ್ತರ ಕೊಡುವುದು ಸ್ವಂತ ಸಂಸ್ಥೆ. ಪಾಸ್‌ವರ್ಡ್ ಗೂಢಲಿಪಿಯ ಕೊಳವೆಯಲ್ಲಿ ಹೋಗುವುದರಿಂದ ಅತಿಥಿ ಕ್ಯಾಂಪಸ್‌ಗೆ ಅದು ಕಾಣುವುದಿಲ್ಲ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಯಾವ ಶಾಖೆಯಲ್ಲಾದರೂ ನಮ್ಮ ಖಾತೆಯ ವ್ಯವಹಾರ ಮಾಡುತ್ತೇವಲ್ಲ, ಅದೇ ರೀತಿ.

ವಾಣಿಜ್ಯಕ್ಕೆ ಇದರ ಸಂಬಂಧ

2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ 'ಆಡಿಟ್ ಟ್ರೇಲ್' ಇರಲೇಬೇಕು. ಒಂದು ನಮೂದನ್ನು ತಿದ್ದಿದರೆ ಏನು ತಿದ್ದಲಾಯಿತು, ಯಾವಾಗ ತಿದ್ದಲಾಯಿತು ಎಂಬ ಜಾಡು ಅಳಿಯದೆ ಉಳಿಯಬೇಕು, ಆ ಜಾಡನ್ನು ನಿಲ್ಲಿಸಲು ಸಾಧ್ಯವಾಗಬಾರದು. ಹಾಗೆಯೇ ಕೇಂದ್ರ ಸರ್ಕಾರದ ಸರ್ಟ್ ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಮತ್ತು ಸೇವಾ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳನ್ನು ನಿಗದಿತ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಿಕೊಳ್ಳಬೇಕು. ಗಡಿಯಾರ ತಪ್ಪಿದ್ದರೆ ಲಾಗ್ ಇದ್ದೂ ಪ್ರಯೋಜನವಿಲ್ಲ, ದಿನಾಂಕ ತಪ್ಪಾದ ವೋಚರ್ ಇದ್ದಂತೆ.

ಆದರೆ ಯೋಚಿಸಿ. ಐದು ಜನ ಗುಮಾಸ್ತರು ಒಂದೇ ಲಾಗಿನ್ ಬಳಸಿದರೆ ಆಡಿಟ್ ಟ್ರೇಲ್ ಏನು ಹೇಳುತ್ತದೆ? 'ಅಡ್ಮಿನ್ ತಿದ್ದಿದರು' ಎಂದಷ್ಟೇ. ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದಿದ್ದರೆ ಮೂರನೆಯದಕ್ಕೂ ಇರುವುದಿಲ್ಲ. ನಾಳೆ ನಮ್ಮಲ್ಲಿ ಅನೇಕರು ಅಂಗಡಿ, ಬ್ಯಾಂಕ್, ಆಡಿಟರ್ ಕಚೇರಿಗಳಲ್ಲಿ ಕೆಲಸಕ್ಕೆ ಸೇರುತ್ತೇವೆ. "ಇದೇ ಪಾಸ್‌ವರ್ಡ್, ಎಲ್ಲರೂ ಇದನ್ನೇ ಬಳಸುತ್ತಾರೆ" ಎಂದು ಯಾರಾದರೂ ಹೇಳಿದರೆ, "ಸರ್, ನನಗೆ ನನ್ನ ಹೆಸರಿನಲ್ಲೇ ಒಂದು ಲಾಗಿನ್ ಮಾಡಿಕೊಡಿ" ಎಂದು ಕೇಳೋಣ. ಅದು ಅವಿಧೇಯತೆ ಅಲ್ಲ.

ಮತ್ತೆ ಆ ಸಂಜೆ 7.42

ಆ ಕಚೇರಿಯಲ್ಲಿ ಈ ವ್ಯವಸ್ಥೆ ಇದ್ದಿದ್ದರೆ ಏನಾಗುತ್ತಿತ್ತು? ಭಾಯಿಜಾನ್ ಹೊಸಬರಾದ್ದರಿಂದ ಅಳಿಸುವ ಕಮಾಂಡ್‌ಗೆ ಅವರಿಗೆ ಪರವಾನಗಿಯೇ ಇರುತ್ತಿರಲಿಲ್ಲ. ಇದ್ದಿದ್ದರೂ ಲಾಗ್‌ನಲ್ಲಿ ಒಬ್ಬರ ಹೆಸರು ಇರುತ್ತಿತ್ತು.

ನಾನು ಒಂದು ಸಲ ಧೈರ್ಯ ಮಾಡಿ ಕೇಳಿಬಿಟ್ಟೆ, "ಭಾಯಿಜಾನ್, ನಿಜವಾಗಿ ನೀವು ಮಾಡಿರಲಿಲ್ಲ ಅಲ್ವಾ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲ. ಆದರೆ ನಿನಗೆ ತೋರಿಸೋದಕ್ಕೆ ನನ್ನ ಹತ್ರ ಏನೂ ಇಲ್ಲ ನೋಡು, ಅದೇ ಕಷ್ಟ" ಅಂದರು. ನಾನು ಅವರನ್ನು ನಂಬುತ್ತೇನೆ. ಆದರೆ ನಂಬಿಕೆ ವೋಚರ್ ಅಲ್ಲ. ಮನೆಯವಳಾದ ನಾನೇ ಕೇಳಬೇಕಾಯಿತು ಅಂದ ಮೇಲೆ ಹೊರಗಿನವರನ್ನು ಏನು ಹೇಳಲಿ? ಲಾಗ್ ಇಡುವುದು ಕಳ್ಳರನ್ನು ಹಿಡಿಯಲು ಎಂದು ನಾವು ತಿಳಿದಿದ್ದೇವೆ. ತಪ್ಪು ಮಾಡದವರಿಗೂ ಅದೊಂದೇ ಸಾಕ್ಷಿ.

ಅವರು ಆ ಕೆಲಸ ಬಿಟ್ಟರು. ನಾಲ್ಕು ತಿಂಗಳ ನಂತರ ಬೇರೆ ಕಡೆ ಸಿಕ್ಕಿತು. ಮೊದಲ ದಿನ ಸಂಜೆ ಫೋನ್ ಮಾಡಿ, ಅಲ್ಲಿ ತಮ್ಮ ಹೆಸರಿನಲ್ಲೇ ಲಾಗಿನ್ ಕೊಟ್ಟಿದ್ದಾರೆ, ಸದ್ಯಕ್ಕೆ ನೋಡುವ ಅಧಿಕಾರ ಮಾತ್ರ, ಆರು ತಿಂಗಳಾದ ಮೇಲೆ ಹೆಚ್ಚಿಸುತ್ತಾರೆ ಎಂದರು. ಸಂಬಳ ಎಷ್ಟು ಎಂದು ಅಮ್ಮಿ ಕೇಳುವ ಮುಂಚೆಯೇ ಇದನ್ನು ಹೇಳಿದರು. ನಾನಿಗೆ ನಾನು ವಿವರಿಸಿದೆ. ಎಲ್ಲ ಕೇಳಿಕೊಂಡು ಅವರು, "ಹಾಗಾದರೆ ಈಗ ಕೊಟ್ಟಿರೋದು ನಮ್ಮ ಅಮಾನತ್" ಅಂದರು.

ನೆನಪಿಡಿ

1. ಟ್ರಿಪಲ್ ಎ ಅಂದರೆ ಯಾರು, ಏನು ಮಾಡಬಹುದು, ಏನು ಮಾಡಿದರು ಎಂಬ ಮೂರು ಪ್ರಶ್ನೆಗಳು.
2. ತೀರ್ಮಾನ ಸರ್ವರ್‌ನಲ್ಲಿ, ಜಾರಿ ಉಪಕರಣದಲ್ಲಿ.
3. ರೇಡಿಯಸ್: ಯುಡಿಪಿ, ಪೋರ್ಟ್ 1812 ಮತ್ತು 1813, ಪಾಸ್‌ವರ್ಡ್ ಮಾತ್ರ ಮರೆ.
4. ಟ್ಯಾಕಾಕ್ಸ್ ಪ್ಲಸ್: ಟಿಸಿಪಿ, ಪೋರ್ಟ್ 49, ಪ್ರತಿ ಕಮಾಂಡ್‌ಗೂ ಪರವಾನಗಿ ಸಾಧ್ಯ.
5. ಸರ್ವರ್ ಉತ್ತರ ಕೊಡದಿರುವುದು ಬೇರೆ, 'ಬೇಡ' ಎಂದು ಉತ್ತರ ಕೊಡುವುದು ಬೇರೆ.

ನೀವೇ ಉತ್ತರಿಸಿ

1. 25 ಉಪಕರಣ, 8 ಸಿಬ್ಬಂದಿ ಇರುವ ಸಂಸ್ಥೆಗೆ ಲೋಕಲ್ ಪದ್ಧತಿಯಲ್ಲಿ ಎಷ್ಟು ಖಾತೆ ಬೇಕು? ಕೇಂದ್ರೀಕೃತ ಪದ್ಧತಿಯಲ್ಲಿ ಎಷ್ಟು? ತುರ್ತು ಖಾತೆಗಳನ್ನು ಮರೆಯಬೇಡಿ.
2. ನಿಮ್ಮ ಮನೆಯ ಅಂಗಡಿ ಅಥವಾ ಪರಿಚಯದವರ ಕಚೇರಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್‌ಗೆ ಎಷ್ಟು ಲಾಗಿನ್‌ಗಳಿವೆ? ಅದನ್ನು ಎಷ್ಟು ಜನ ಬಳಸುತ್ತಾರೆ? ಎರಡೂ ಸಂಖ್ಯೆ ಒಂದೇ ಆಗಿವೆಯೇ?

ಮೊದಲ ಪ್ರಶ್ನೆಗೆ ಉತ್ತರ: ಲೋಕಲ್ ಪದ್ಧತಿಯಲ್ಲಿ 200. ಕೇಂದ್ರೀಕೃತ ಪದ್ಧತಿಯಲ್ಲಿ 8, ಜೊತೆಗೆ 25 ತುರ್ತು ಖಾತೆ, ಒಟ್ಟು 33. ಎರಡನೆಯದಕ್ಕೆ ಉತ್ತರ ನಿಮ್ಮ ಮನೆಯಲ್ಲಿದೆ.